ಫ್ಯೂಸ್ ಎಲ್ಲಿದೆ, ಕೇಳಿರಿ

ಸಹೋದರಿಯರೇ, ಮಲ್ಲಸಮುದ್ರದ ಮನೆಯಂಗಳದಲ್ಲಿ ಮಗ ತಾನೇ ಕಾರಿಗೆ ಆಂಪ್ಲಿಫೈಯರ್ ಜೋಡಿಸಲು ಕುಳಿತರೆ ಬೈಯಬೇಡಿ, ಕೆಲಸ ಕಲಿಯಲಿ. ಒಂದು ಮಾತು ಮಾತ್ರ ಕೇಳಿರಿ: “ಫ್ಯೂಸ್ ಎಲ್ಲಿ ಹಾಕಿದ್ದೀ, ಬೇಟಾ?”

ಬ್ಯಾಟರಿ ಬರೀ 12 ವೋಲ್ಟ್, ಶಾಕ್ ಹೊಡೆಯದು ನಿಜ. ಆದರೆ 600 ವ್ಯಾಟ್ ಎಳೆಯುವ ಆಂಪ್ಲಿಫೈಯರಿಗೆ 50 ಆಂಪಿಯರ್ ಕರೆಂಟ್ ಬೇಕು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಹೋಗುವ ಆ ತಂತಿ ನಡುವೆ ಎಲ್ಲಾದರೂ ಸವೆದು ಕಾರಿನ ತಗಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು, ತಂತಿ ಕೆಂಪಗೆ ಕಾದು ಬೆಂಕಿ ಹತ್ತಬಹುದು. ಆಂಪ್ಲಿಫೈಯರಿನಲ್ಲೇ ಇರುವ ಫ್ಯೂಸ್ ಅದನ್ನು ತಡೆಯದು. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಇನ್ನೊಂದು ಫ್ಯೂಸ್ ಇರಲೇಬೇಕು. ಅದು ತಂತಿ ತಾಳುವುದಕ್ಕಿಂತ ಹೆಚ್ಚಿನ ಆಂಪಿಯರಿನದಾಗಿರಬಾರದು. ತಂತಿ ತೂರುವ ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಲಿ. ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಲಿ.

ಒಂದು ಫ್ಯೂಸಿನ ಖರ್ಚು ದೊಡ್ಡದಲ್ಲ. ಆ ಕಾರಿನಲ್ಲಿ ಕೂರುವವರು ನಿಮ್ಮ ಮಕ್ಕಳೇ.