ಪಿಸ್ತೂಲಿನ ಚೀಲ, ತೋರುಬೆರಳಿನ ಶಿಸ್ತು

ಎಡಗೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಡಿ. ಬಲಗೈಯಲ್ಲಿ ಒಂದು ರಬ್ಬರ್ ಚೆಂಡು ಹಿಡಿದು ಶಕ್ತಿಯಿದ್ದಷ್ಟೂ ಹಿಸುಕಿ. ಸುಮ್ಮನಿದ್ದ ಎಡಗೈಯೂ ಕೊಂಚ ಬಿಗಿಯಾದಂತೆ ಅನ್ನಿಸಬಹುದು. ಒಂದು ಕೈಗೆ ಮೆದುಳು ಕೊಟ್ಟ ಆಜ್ಞೆಯ ಅಂಶ ಇನ್ನೊಂದಕ್ಕೂ ಹರಿಯುತ್ತದೆ. ಬೆಚ್ಚಿದಾಗ, ಎಡವಿದಾಗಲೂ ಅಷ್ಟೆ. ನಮ್ಮನ್ನು ಕೇಳದೆಯೇ ಬೆರಳುಗಳು ಮುಷ್ಟಿ ಕಟ್ಟುತ್ತವೆ. ಕೈಯಲ್ಲಿ ಸೌಟಿದ್ದರೆ ಚಿಂತೆಯಿಲ್ಲ. ಪಿಸ್ತೂಲಿದ್ದರೆ?

‘ಸಾರ್, ಸಿನಿಮಾದಲ್ಲಿ ನಾಯಕ ಕಣ್ಣು ಮಿಟುಕಿಸುವುದರೊಳಗೆ ಪಿಸ್ತೂಲು ಹೊರಗೆಳೆಯುತ್ತಾನೆ. ನಿಜವಾಗಿ ಕಲಿಸುವುದೂ ಹಾಗೆಯೇ?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಇಲ್ಲ. ವೇಗ ಕೊನೆಯ ಪಾಠ.

ಮೊದಲ ಪಾಠ ಸೊಂಟದ ಚೀಲದ್ದು, ಅಂದರೆ ಹೋಲ್‌ಸ್ಟರ್‌ನದು. ಓಡಿದರೂ ಬಾಗಿದರೂ ಪಿಸ್ತೂಲು ಬೀಳದಂತೆ ಅದು ಹಿಡಿದಿರಬೇಕು. ಅದಕ್ಕಿಂತ ಮುಖ್ಯವಾಗಿ ಟ್ರಿಗರನ್ನು ಪೂರ್ತಿ ಮುಚ್ಚಿರಬೇಕು. ಹಳೆಯದಾಗಿ ಜೋತುಬಿದ್ದ ತೊಗಲಿನ ಅಂಚು, ಅಂಗಿಯ ತುದಿ, ಲಾಡಿಯ ಗಂಟು, ಇವು ಒಳಗೆ ಸಿಕ್ಕಿಕೊಂಡರೆ ಬೆರಳಿನ ಕೆಲಸವನ್ನೇ ಮಾಡಿಬಿಡುತ್ತವೆ. ಒತ್ತಿದ್ದು ಯಾರು ಎಂದು ಟ್ರಿಗರ್ ಕೇಳುವುದಿಲ್ಲ.

ಅದಕ್ಕೆ ಬೇಕಾದ ಬಲವೂ ಹೆಚ್ಚಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕೆಂಬ ನಿಯಮವಿದೆ. 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ಒಂದೇ ಬೆರಳಿನಲ್ಲಿ ಎತ್ತಬಲ್ಲಿರಿ, ಅಲ್ಲವೇ?

ಒಲಿಂಪಿಕ್ಸ್‌ನಲ್ಲಿ ಹೋಲ್‌ಸ್ಟರ್ ಇಲ್ಲ. ಅದನ್ನು ಬಳಸುವ ಸ್ಪರ್ಧೆಗಳಿಗಾಗಿ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಅಲ್ಲಿ ಗಡಿಯಾರದೊಡನೆ ಓಟವಿದೆ. ಆದರೂ ಜಾಗ ಬದಲಿಸುವಾಗ ಬೆರಳು ಟ್ರಿಗರ್ ಕಾವಲಿನೊಳಗೆ ಉಳಿದರೆ, ಗುಂಡು ಹಾರದಿದ್ದರೂ ಸ್ಪರ್ಧಿ ಹೊರಗೆ!

ತೆಗೆಯುವ ಕ್ರಮ ಹೀಗಿದೆ. ಚೀಲದಲ್ಲಿರುವಾಗಲೇ ಹಿಡಿ ಪೂರ್ತಿ ಸರಿಯಾಗಬೇಕು. ನೇರ ಮೇಲಕ್ಕೆ ಎತ್ತಿ, ನಳಿಗೆಯನ್ನು ಗುರಿಯತ್ತ ಮಾತ್ರ ತಿರುಗಿಸಬೇಕು. ಇನ್ನೊಂದು ಕೈ ಎದೆಯ ಬಳಿ ಕಾದಿದ್ದು ಹಿಂದಿನಿಂದ ಬಂದು ಸೇರಬೇಕು. ನಳಿಗೆಯ ಮುಂದೆ ಹಾಯಬಾರದು. ಇಷ್ಟೂ ಹೊತ್ತು ತೋರುಬೆರಳು ಪಿಸ್ತೂಲಿನ ಪಕ್ಕಕ್ಕೆ ನೇರವಾಗಿ ಚಾಚಿರಬೇಕು. ಗುರಿ ಕೂಡಿ, ಹೊಡೆಯುವ ನಿರ್ಧಾರವಾದ ಮೇಲಷ್ಟೇ ಅದು ಒಳಗೆ ಹೋಗಬೇಕು. ಮರಳಿ ಇಡುವಾಗ ಇನ್ನೂ ನಿಧಾನ: ಬೆರಳು ಹೊರಗೆ, ಅಂಗಿ ದೂರ, ಚೀಲದ ಬಾಯಿ ಖಾಲಿಯಿದೆಯೇ ಎಂದು ನೋಡಿ ಇಡಬೇಕು. ಬೇಗ ಇಟ್ಟವರಿಗೆ ಬಹುಮಾನವಿಲ್ಲ. ಕಲಿಯುವವರು ಇದನ್ನು ತರಬೇತುದಾರರ ಎದುರು, ಎರಡು ಸಲ ಪರೀಕ್ಷಿಸಿದ ಖಾಲಿ ಪಿಸ್ತೂಲಿನಲ್ಲಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಅಭ್ಯಾಸ ಮಾಡುತ್ತಾರೆ. ಕೈಜಾರಿದರೆ ಹಿಡಿಯಲು ಹೋಗಬಾರದು. ಮೇಲೆ ಹೇಳಿದ ಮುಷ್ಟಿ ಟ್ರಿಗರನ್ನೇ ಹುಡುಕೀತು.

ಪಾಲಕರಿಗೆ ಒಂದು ಮಾತು. ಮನೆಯಲ್ಲಿ ಪರವಾನಗಿಯ ಆಯುಧವೋ ಇಲಾಖೆಯ ಪಿಸ್ತೂಲೋ ಇದ್ದರೆ, ಬೆಲ್ಟ್ ಸಮೇತ ಮೊಳೆಗೆ ತೂಗುಹಾಕುವುದು ಸುರಕ್ಷತೆಯಲ್ಲ. ಹೋಲ್‌ಸ್ಟರ್ ಬೀಗವಲ್ಲ. ಆಯುಧಕ್ಕೊಂದು ಬೀಗ, ಗುಂಡಿಗೆ ಇನ್ನೊಂದು ಬೀಗ ಇರಲಿ. ಮಕ್ಕಳೇ, ಎಲ್ಲಿಯಾದರೂ ಪಿಸ್ತೂಲು ಕಂಡರೆ ಖಾಲಿಯೋ ಆಟಿಕೆಯೋ ಎಂದು ಪರೀಕ್ಷಿಸಬೇಡಿ. ಮುಟ್ಟದೆ ಹೊರಗೆ ಬಂದು ದೊಡ್ಡವರಿಗೆ ಹೇಳಿ. ಚೆಂಡನ್ನು ಇನ್ನೊಮ್ಮೆ ಹಿಸುಕಿ ನೋಡಿದರೆ ಕಾರಣ ತಿಳಿಯುತ್ತದೆ.