ಓದಲು ಬಾರದ ಇಂಗ್ಲಿಷ್

ಜೂನ್ ತಿಂಗಳು ಬಂತೆಂದರೆ ದಾವಣಗೆರೆಯ ರಸ್ತೆಗಳಲ್ಲಿ ಎರಡು ಬಗೆಯ ಫಲಕಗಳು ಎದ್ದು ಕಾಣುತ್ತವೆ. ಒಂದು, ನೀಟ್ ಮತ್ತು ಸಿಇಟಿ ತರಬೇತಿಯದು. ಇನ್ನೊಂದು, ಮೂವತ್ತು ದಿನಗಳಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಮಾತನಾಡಲು ಕಲಿಸುತ್ತೇವೆ ಎನ್ನುವುದು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಗಿರಣಿಗಳ ಸದ್ದು ಅಡಗಿತು. ವಿದ್ಯೆಯೇ ಊರಿನ ಉದ್ಯಮವಾಯಿತು. 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ ಬಂದವು. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿಗಳ ಕಡೆಯಿಂದ ಬಂದ ಹುಡುಗ ಹುಡುಗಿಯರು ಹಾಸ್ಟೆಲುಗಳಲ್ಲಿ, ಬಾಡಿಗೆ ಕೊಠಡಿಗಳಲ್ಲಿ ಉಳಿದು ಓದುತ್ತಾರೆ. ಅವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಪದವಿಪೂರ್ವ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಲ್ಲಿ ಇಂಥ ಕೆಲವು ಮಕ್ಕಳಿಗೆ ಸಂಜೆ ಹೊತ್ತು ನೆರವಾಗುತ್ತಿದ್ದೇನೆ. ಬಂದವರೆಲ್ಲರ ಮೊದಲ ಮಾತು ಒಂದೇ: 'ಇಂಗ್ಲಿಷ್ ಮಾತಾಡಕ್ಕೆ ಬರಲ್ಲ ಸರ್.' ಅವರ ಕೈಯಲ್ಲಿರುವ ಭೌತವಿಜ್ಞಾನದ ಪುಸ್ತಕವನ್ನು ತೆರೆಸಿ ಒಂದು ಪುಟ ಓದಿಸಿದರೆ ಬೇರೆಯದೇ ಸಂಗತಿ ಹೊರಬೀಳುತ್ತದೆ. ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾರೆ. ಓದಿದ್ದು ಏನೆಂದು ಕೇಳಿದರೆ ಮೌನ. ಅವರಿಗೆ ಮಾತನಾಡಲು ಬಾರದು ಎಂಬುದು ಚಿಕ್ಕ ಕೊರತೆ. ಓದಿ ಅರ್ಥಮಾಡಿಕೊಳ್ಳಲು ಬಾರದು ಎಂಬುದು ದೊಡ್ಡ ಕೊರತೆ. ಮೊದಲನೆಯದಕ್ಕೆ ಬೀದಿಗೊಂದು ತರಗತಿ ಇದೆ. ಎರಡನೆಯದನ್ನು ಕೊರತೆಯೆಂದೇ ನಾವು ಗುರುತಿಸಿಲ್ಲ.

ಈ ಮಕ್ಕಳು ದಡ್ಡರಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬಸ್ಸಿಗೆ ಹಠಾತ್ತನೆ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಏಕೆ ವಾಲುತ್ತೇವೆ ಎಂದು ಕೇಳಿದರೆ 'ಜಡತ್ವ' ಎಂದು ತಟ್ಟನೆ ಉತ್ತರಿಸುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ 'ಇನರ್ಷಿಯಾ' ಎಂದೊಡನೆ ಹೊಸದೇನೋ ಎಂಬಂತೆ ನೋಡುತ್ತಾರೆ. ದ್ಯುತಿಸಂಶ್ಲೇಷಣೆ ಗೊತ್ತು, ಫೋಟೋಸಿಂಥೆಸಿಸ್ ಗೊತ್ತಿಲ್ಲ. ವೇಗೋತ್ಕರ್ಷ ಗೊತ್ತು, ಆಕ್ಸಲರೇಷನ್ ಗೊತ್ತಿಲ್ಲ. ಹತ್ತು ವರ್ಷ ಕಷ್ಟಪಟ್ಟು ಕಲಿತದ್ದೆಲ್ಲ ಒಂದು ಬೇಸಿಗೆ ರಜೆಯ ಆಚೆಗೆ ಬೇರೆ ಹೆಸರು ಹೊತ್ತು ಬಂದಾಗ, ತಮಗೆ ಏನೂ ತಿಳಿದಿಲ್ಲವೆಂದೇ ನಂಬಿಬಿಡುತ್ತಾರೆ.

ಆದರೂ ಪಾರಿಭಾಷಿಕ ಪದಗಳು ನಿಜವಾದ ತೊಡಕಲ್ಲ. ಅವನ್ನು ಉಪನ್ಯಾಸಕರು ಹಲಗೆಯ ಮೇಲೆ ಬರೆದು ವಿವರಿಸುತ್ತಾರೆ. ಯಾರೂ ವಿವರಿಸದ ಪದಗಳು ಬೇರೆ ಇವೆ: ಅನ್‌ಲೆಸ್, ವೇರ್‌ಆ್ಯಸ್, ಹೆನ್ಸ್, ರೆಸ್ಪೆಕ್ಟಿವ್ಲಿ, ಎಕ್ಸೆಪ್ಟ್. ವಾಕ್ಯದ ತಿರುವುಗಳೆಲ್ಲ ಇವುಗಳ ಕೈಯಲ್ಲಿವೆ. ಕೆಳಗಿನವುಗಳಲ್ಲಿ ಒಂದನ್ನುಳಿದು ಎಲ್ಲವೂ ಸರಿ, ಆ ಒಂದು ಯಾವುದು ಎಂಬ ಪ್ರಶ್ನೆಯಲ್ಲಿ 'ಎಕ್ಸೆಪ್ಟ್' ಎಂಬ ಒಂದೇ ಪದ ಕಣ್ತಪ್ಪಿದರೆ, ವಿಷಯ ಪೂರ್ತಿ ತಿಳಿದವನ ಉತ್ತರವೂ ತಪ್ಪಾಗುತ್ತದೆ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಆ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು, ನಿಜ. ಆದರೆ ಎರಡು ವರ್ಷದ ಪಾಠ, ಪುಸ್ತಕ, ತರಬೇತಿಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯ ದಿನ ಮಾತ್ರ ಕನ್ನಡಕ್ಕೆ ಮರಳುವವರು ತೀರಾ ಕಡಿಮೆ.

ಇನ್ನೊಂದು ತೊಡಕು ನಮ್ಮ ಮಾತಿನೊಳಗೇ ಅಡಗಿದೆ. ಇಂಗ್ಲಿಷ್ ಬಾರದು ಎನ್ನುವ ಹುಡುಗನ ಬಾಯಲ್ಲಿ ನೂರಾರು ಇಂಗ್ಲಿಷ್ ಪದಗಳಿವೆ. ಮೊಬೈಲಿಗೆ ಚಾರ್ಜ್ ಮಾಡುತ್ತಾನೆ, ಬಸ್ ಚಾರ್ಜ್ ಕೊಡುತ್ತಾನೆ, ಲಾಠಿ ಚಾರ್ಜ್ ಸುದ್ದಿ ಓದುತ್ತಾನೆ. ಭೌತವಿಜ್ಞಾನದ ಪುಸ್ತಕದಲ್ಲಿ ಬರುವ ಚಾರ್ಜ್ ಎಂದರೆ ವಿದ್ಯುದಾವೇಶ. ಅದು ಇವು ಯಾವುದೂ ಅಲ್ಲ. ಟೆನ್ಷನ್ ಅವನಿಗೆ ಪರೀಕ್ಷೆಯ ಆತಂಕ, ಪುಸ್ತಕದಲ್ಲಿ ಅದು ಹಗ್ಗದ ಬಿಗಿತ. ಪವರ್ ಎಂದರೆ ಕರೆಂಟು, ಇಲ್ಲವೇ ಕನ್ನಡಕದ ನಂಬರು, ಇಲ್ಲವೇ ರಾಜಕಾರಣಿಯ ಅಧಿಕಾರ. ಪುಸ್ತಕಕ್ಕೆ ಬಂದರೆ ಭೌತವಿಜ್ಞಾನದಲ್ಲಿ ಕೆಲಸ ನಡೆಯುವ ದರ, ಗಣಿತದಲ್ಲಿ ಘಾತ. ಗೊತ್ತಿರುವ ಪದವೇ ದಾರಿ ತಪ್ಪಿಸುವುದು ಹೀಗೆ. ಆದರೆ ಇದೇ ಪದಗಳನ್ನು ಹಿಡಿದು, 'ನಿನಗೆ ಈ ಅರ್ಥ ಗೊತ್ತು, ಇನ್ನೊಂದು ಅರ್ಥ ಇದು' ಎಂದು ಆರಂಭಿಸಿದರೆ ಅದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ.

ವಾಕ್ಯದ ಕಟ್ಟಡವೂ ಹಾಗೆಯೇ. 'ನಿನ್ನೆ ಹರಿಹರದಿಂದ ಬಂದ ಹುಡುಗ' ಎನ್ನುವಾಗ ಕನ್ನಡ ವಿವರಣೆಯನ್ನೆಲ್ಲ ಮೊದಲಿಟ್ಟು ಹುಡುಗನನ್ನು ಕೊನೆಗೆ ತರುತ್ತದೆ. ಇಂಗ್ಲಿಷ್ ಹುಡುಗನನ್ನು ಮೊದಲು ನಿಲ್ಲಿಸಿ, ವಿವರಣೆಯನ್ನು ಅವನ ಹಿಂದೆ ಸಾಲಾಗಿ ಹಚ್ಚುತ್ತದೆ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮ್ಮ ಅಭ್ಯಾಸ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು ಹೋಗಿರುತ್ತದೆ. ಬರೆದಂತೆಯೇ ಓದುವ ಲಿಪಿಯಲ್ಲಿ ಬೆಳೆದ ಮಗುವಿಗೆ, ಬರೆಯುವುದೊಂದು ಓದುವುದೊಂದು ಎಂಬ ಕಾಗುಣಿತ ಬೇರೆ ಕಾಟ ಕೊಡುತ್ತದೆ. ಈ ವ್ಯತ್ಯಾಸಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಒಂದು ವಾರದಲ್ಲಿ ತಿಳಿಯುತ್ತವೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಸುಳಿಯಬಾರದು ಎಂಬ ಮಡಿಯಿಂದಾಗಿ ಹೇಳುವವರೇ ಇಲ್ಲ.

ನಾಲ್ಕು ದಶಕಗಳಿಂದ ನಾವು ಭಾಷೆಯ ಬಗ್ಗೆ ಜಗಳವಾಡುತ್ತಲೇ ಬಂದಿದ್ದೇವೆ. 1982ರ ಗೋಕಾಕ್ ಚಳವಳಿ ಆಯಿತು. 1994ರ ಭಾಷಾ ನೀತಿ ಬಂತು. 2007–08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಈ ಇಡೀ ಚರ್ಚೆ ಯಾವ ಭಾಷೆ, ಯಾವ ತರಗತಿಯಿಂದ ಎಂಬುದರ ಸುತ್ತ ನಡೆಯಿತು. ಒಂದು ಮಗು ಎರಡನೆಯ ಭಾಷೆಯಲ್ಲಿ ಓದುವುದನ್ನು ಹೇಗೆ ಕಲಿಯುತ್ತದೆ ಎಂಬ ಪ್ರಶ್ನೆ ಎರಡೂ ಪಾಳೆಯಗಳಲ್ಲಿ ಕೇಳಿಬರಲಿಲ್ಲ.

ಚೀನಾದ ಉದಾಹರಣೆಯನ್ನು ನೋಡಬೇಕು. ಅಲ್ಲಿನ ವಿದ್ಯಾರ್ಥಿಗೆ ನಮ್ಮವರಿಗಿರುವ ಅನುಕೂಲ ಒಂದೂ ಇಲ್ಲ. ಬೀದಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ, ಮನೆಮಾತಿನಲ್ಲಿ ಇಂಗ್ಲಿಷ್ ಪದಗಳು ಬೆರೆತಿರುವುದು ಬಲು ಕಡಿಮೆ, ಲಿಪಿಗೂ ಲಿಪಿಗೂ ಸಂಬಂಧವೇ ಇಲ್ಲ. ವಿಜ್ಞಾನ, ಗಣಿತಗಳನ್ನು ಅವನು ತನ್ನ ಭಾಷೆಯಲ್ಲೇ ಕಲಿಯುತ್ತಾನೆ. ಇಂಗ್ಲಿಷ್ ಅವನಿಗೆ ಒಂದು ವಿಷಯ ಮಾತ್ರ. 2001ರಲ್ಲಿ ಅದನ್ನು ಮೂರನೇ ತರಗತಿಯಿಂದ ಆರಂಭಿಸುವ ತೀರ್ಮಾನವಾಯಿತು. ಕಾಲೇಜು ಪ್ರವೇಶ ಪರೀಕ್ಷೆಯ ಹೊತ್ತಿಗೆ ಸುಮಾರು ಮೂರೂವರೆ ಸಾವಿರ ಪದಗಳು ಅವನಿಗೆ ಬರಬೇಕು. ಆ ಪದಗಳ ಪಟ್ಟಿ ಬಹಿರಂಗವಾಗಿಯೇ ಇದೆ. 1987ರಿಂದ ಕಾಲೇಜು ವಿದ್ಯಾರ್ಥಿಗಳಿಗೆ ರಾಷ್ಟ್ರಮಟ್ಟದ ಇಂಗ್ಲಿಷ್ ಪರೀಕ್ಷೆಯೂ ಇದೆ. ಪದಗಳ ಪುಸ್ತಕ ಹಿಡಿದು ಉರುಹೊಡೆಯುವ ಈ ಪದ್ಧತಿಯನ್ನು ಅವರೇ 'ಮೂಕ ಇಂಗ್ಲಿಷ್' ಎಂದು ಹಳಿದುಕೊಂಡಿದ್ದಾರೆ: ಓದಬಲ್ಲರು, ಬಾಯಿ ತೆರೆಯಲಾರರು. ಆ ಟೀಕೆ ನ್ಯಾಯವಾದದ್ದೇ. ಆದರೆ ಓದಬಲ್ಲವನು ಗ್ರಂಥಾಲಯದ ಬಾಗಿಲು ದಾಟಿದವನು. ಮಾತನ್ನು ನಾಳೆ ಕಲಿತಾನು. ನಾಲ್ಕು ವಾಕ್ಯ ಮಾತ್ರ ಆಡಲು ಬಲ್ಲವನು ಬಾಗಿಲ ಹೊರಗೇ ಉಳಿಯುತ್ತಾನೆ. ಚೀನಾದಿಂದ ನಾವು ಉರುಹೊಡೆಯುವುದನ್ನು ಕಲಿಯಬೇಕಿಲ್ಲ. ಎಷ್ಟು ಪದ, ಯಾವ ಪದ ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಶಿಸ್ತನ್ನು ಕಲಿಯಬಹುದು.

ಈ ವಿಚಾರ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿಯ ಹೊಣೆ ಹೊತ್ತಿದ್ದ ಮೈಕಲ್ ವೆಸ್ಟ್, ಬಂಗಾಳಿ ಹುಡುಗರಿಗೆ ಮೊದಲು ಬೇಕಾದದ್ದು ಇಂಗ್ಲಿಷ್ ಓದುವ ಶಕ್ತಿಯೇ ಎಂದು 1926ರಲ್ಲೇ ವಾದಿಸಿದ್ದರು. ಸೀಮಿತ ಪದಗಳಲ್ಲಿ, ಪುಟಕ್ಕೆ ಕೆಲವೇ ಹೊಸ ಪದಗಳು ಬರುವಂತೆ ವಾಚನ ಪುಸ್ತಕಗಳನ್ನೂ ರಚಿಸಿದರು. ಅವರು 1953ರಲ್ಲಿ ಪ್ರಕಟಿಸಿದ ಸುಮಾರು ಎರಡು ಸಾವಿರ ಪದಗಳ ಪಟ್ಟಿ ಇಂದಿಗೂ ಹೆಸರುವಾಸಿ. 2000ದಲ್ಲಿ ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್, ಶಾಸ್ತ್ರಗ್ರಂಥಗಳಲ್ಲಿ ಪದೇ ಪದೇ ಬರುವ 570 ಪದಕುಟುಂಬಗಳನ್ನು ಗುರುತಿಸಿ ಮತ್ತೊಂದು ಪಟ್ಟಿ ಕೊಟ್ಟರು. ಅಂಥ ಗ್ರಂಥಗಳ ಪ್ರತಿ ಹತ್ತು ಪದಗಳಲ್ಲಿ ಸರಿಸುಮಾರು ಒಂದು ಈ ಪಟ್ಟಿಯದೇ. ಎಂದರೆ, ನಮ್ಮ ಹುಡುಗ ದಾಟಬೇಕಾದದ್ದು ದಡ ಕಾಣದ ಸಮುದ್ರವಲ್ಲ. ಅಳತೆಗೆ ಸಿಗುವ ಹೊಳೆ. ದಿನಕ್ಕೆ ಹತ್ತು ಪದಗಳಂತೆ ವರ್ಷದೊಳಗೆ ದಾಟಬಹುದು. ಇದನ್ನು ಅವನಿಗೆ ಯಾರಾದರೂ ಹೇಳಬೇಕಷ್ಟೆ.

ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಓದುಗರಲ್ಲಿ ಹಲವರು ಕೇಳಬಹುದು. ಮನೆಯಲ್ಲಿ ಇಂಗ್ಲಿಷ್ ಪುಸ್ತಕ, ಪತ್ರಿಕೆ ಇರುವ ನಮ್ಮಂಥವರ ಮಕ್ಕಳಿಗೆ ಅದು ಒಗ್ಗಿತು. ಐದನೇ ತರಗತಿಗೆ ಬಂದ ದೊಡ್ಡ ಪಾಲು ಮಕ್ಕಳು ತಮ್ಮದೇ ಭಾಷೆಯಲ್ಲಿ ಎರಡನೇ ತರಗತಿಯ ಪಠ್ಯವನ್ನೂ ಸರಾಗವಾಗಿ ಓದಲಾರರೆಂದು ಗ್ರಾಮೀಣ ಶಿಕ್ಷಣದ 'ಅಸರ್' ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಒಂದು ಭಾಷೆಯಲ್ಲಿ ಓದು ಹತ್ತದ ಮಗುವಿಗೆ ಇನ್ನೊಂದರಲ್ಲಿ ಹತ್ತೀತೇ? ನನ್ನ ಅನುಭವದಲ್ಲಿ, ಇಂಗ್ಲಿಷ್ ಓದನ್ನು ಬೇಗ ಹಿಡಿಯುವವರು ಕನ್ನಡದಲ್ಲಿ ಕತೆ, ಕಾದಂಬರಿ, ಪತ್ರಿಕೆಗಳನ್ನು ಓದಿಕೊಂಡು ಬಂದವರೇ. ಓದುವುದು ಒಂದೇ ವಿದ್ಯೆ, ಭಾಷೆ ಮಾತ್ರ ಎರಡು. ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ಎಸ್. ನಿಜಲಿಂಗಪ್ಪನವರು ದಾವಣಗೆರೆ, ಚಿತ್ರದುರ್ಗಗಳಲ್ಲಿ ಶಾಲೆ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪುಣೆಯಲ್ಲೂ ಓದಿ ವಕೀಲರಾದವರು. ಆ ತಲೆಮಾರಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ನುರಿತವರು ಹಲವರಿದ್ದರು. ಒಂದು ಬರಬೇಕಾದರೆ ಇನ್ನೊಂದು ಹೋಗಬೇಕು ಎಂದು ಅವರು ಭಾವಿಸಲಿಲ್ಲ.

ಮೊಬೈಲಿನಲ್ಲಿ ಭಾಷಾಂತರ ಕ್ಷಣದಲ್ಲಿ ಸಿಗುವಾಗ ಪದ ಕಲಿಯುವ ಕಷ್ಟವೇಕೆ ಎಂಬ ಪ್ರಶ್ನೆಯೂ ಇದೆ. ಯಂತ್ರ ಇಡೀ ಪುಟವನ್ನು ಕನ್ನಡಕ್ಕೆ ತಂದುಕೊಡುತ್ತದೆ; ಹುಡುಗನ ತಲೆಯಲ್ಲಿ ಒಂದು ಪದವನ್ನೂ ಉಳಿಸುವುದಿಲ್ಲ. ಪರೀಕ್ಷಾ ಕೊಠಡಿಗೆ ಮೊಬೈಲ್ ಬರುವುದಿಲ್ಲ. ಮೊದಲು ಊಹಿಸಿ, ಆಮೇಲೆ ನೋಡಿ, ಅರ್ಥವನ್ನು ಕೈಯಾರೆ ನೋಟುಪುಸ್ತಕದಲ್ಲಿ ಬರೆದುಕೊಳ್ಳುವವನಿಗೆ ಅದೇ ಮೊಬೈಲ್ ಒಳ್ಳೆಯ ನಿಘಂಟು.

ಆಗಬೇಕಾದದ್ದು ಹೆಚ್ಚು ಖರ್ಚಿನ ಕೆಲಸವಲ್ಲ. ನಮ್ಮ ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಪಾಠ ಅದೇ, ಚಿತ್ರ ಅದೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ತಿಳಿದಿರುವ ಪಾಠವನ್ನೇ ಇಂಗ್ಲಿಷಿನಲ್ಲಿ ಓದಿಸುವುದಕ್ಕಿಂತ ಉತ್ತಮವಾದ ಸೇತುವೆ ಬೇರೆ ಬೇಡ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ತರಗತಿ ಆರಂಭವಾಗುವ ನಡುವಿನ ವಾರಗಳಲ್ಲಿ ಪ್ರತಿ ಕಾಲೇಜೂ ಇಷ್ಟನ್ನು ಮಾಡಬಹುದು. ಭೌತವಿಜ್ಞಾನದ ಉಪನ್ಯಾಸಕರು ಪಾಠದ ಮೊದಲ ಹತ್ತು ನಿಮಿಷ ಪುಸ್ತಕದ ಒಂದು ಪ್ಯಾರಾವನ್ನು ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಬಹುದು. ನೋಟ್ಸ್ ಬರೆಸುವುದನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿದರೆ ನಷ್ಟವಿಲ್ಲ.

ನಾಗರಿಕರಾದ ನಾವು ಕೇಳಬೇಕಾದ ಲೆಕ್ಕವೂ ಒಂದಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವಿದೆ. ಆ ಹಣದಲ್ಲಿ ಬಡಾವಣೆಗಳ ಗ್ರಂಥಾಲಯಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಜೊತೆಗೆ ಸರಳ ಇಂಗ್ಲಿಷಿನ ಶ್ರೇಣೀಕೃತ ಕಥೆಪುಸ್ತಕಗಳು, ಒಂದೆರಡು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟುಗಳು ಬರಲಿ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮವನ್ನು ಕಂಡ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಅವು ತಲುಪಲಿ. ಹಳ್ಳಿಯ ಹುಡುಗಿ ದಾವಣಗೆರೆಯ ಬಸ್ಸು ಹತ್ತುವ ಮೊದಲೇ ಹತ್ತು ಚಿಕ್ಕ ಪುಸ್ತಕಗಳನ್ನು ಓದಿ ಮುಗಿಸಿರುವಂತಾಗಲಿ.

ಪ್ರತಿ ವರ್ಷ ಮೊದಲ ಪಿಯುಸಿಯ ನಡುವೆ ವಿಜ್ಞಾನ ಬಿಟ್ಟು ಹೋಗುವ ಮಕ್ಕಳನ್ನು ನಾನು ನೋಡಿದ್ದೇನೆ. 'ತಲೆಗೆ ಹತ್ತಲಿಲ್ಲ' ಎನ್ನುತ್ತಾರೆ ಮನೆಯವರು. ಹತ್ತದೆ ಹೋದದ್ದು ವಿಜ್ಞಾನವಲ್ಲ, ಆ ಪುಸ್ತಕದ ಭಾಷೆ. ಈ ಎರಡರ ವ್ಯತ್ಯಾಸವನ್ನು ಹುಡುಗನಿಗೂ ಅವನ ತಂದೆತಾಯಿಗೂ ಮನವರಿಕೆ ಮಾಡಿಕೊಡುವುದು ಶಿಕ್ಷಕರ ಮೊದಲ ಕರ್ತವ್ಯ. ಮಾತು ಕಲಿಸುವ ಫಲಕಗಳು ಇರಲಿ. ಓದು ಕಲಿಸುವ ಕೆಲಸ ಕಾಲೇಜಿನ ಒಳಗೇ ಆರಂಭವಾಗಬೇಕು.