ಗಲ್ಲಾಪೆಟ್ಟಿಗೆ ಪಕ್ಕದ ಸ್ಟಿಕ್ಕರ್

"ಆ ಸ್ಟಿಕ್ಕರ್ ಕಿತ್ತಾಕಿಬಿಡ್ತೀನಿ ಕಣೋ."

2025ರ ಜುಲೈನಲ್ಲಿ ಒಂದು ರಾತ್ರಿ ಅಪ್ಪ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದವನು ನಾನೇ.

ಆಗ ಟೀವಿ ತುಂಬ ಒಂದೇ ಸುದ್ದಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಬೋರ್ಡ್ ಬಂದಿತ್ತು. ಅಪ್ಪನಿಗೆ ನೋಟಿಸ್ ಬಂದಿರಲಿಲ್ಲ, ಭಯ ಬಂದಿತ್ತು.

ನಾನು ಇಂಜಿನಿಯರ್ ಗತ್ತಿನಲ್ಲಿ ವಿವರಿಸಿದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಎಲ್ಲ ಕೇಳಿಸಿಕೊಂಡ ಅಪ್ಪ, "ಸರಿ, ನಮ್ದೆಷ್ಟಾಗುತ್ತೆ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶನಿವಾರ ಊರಿಗೆ ಹೋದೆ. ಒಂದು ಕಡೆ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನೊಂದು ಕಡೆ ಉದ್ರಿ ಪುಸ್ತಕ ಇಟ್ಟುಕೊಂಡು ಕೂತೆವು. ಮೊದಲು ಸಿಕ್ಕಿಬಿದ್ದವನು ನಾನೇ. ತಿಂಗಳು ತಿಂಗಳು ಮನೆಗೆ ಕಳಿಸುತ್ತಿದ್ದ 15,000 ರೂಪಾಯಿಯನ್ನು ಸುಲಭ ಅಂತ ಅಂಗಡಿ ಕ್ಯೂಆರ್‌ಗೇ ಹಾಕಿದ್ದೆ. ವರ್ಷಕ್ಕೆ 1,80,000, ಹೊರಗಿನಿಂದ ನೋಡಿದವರಿಗೆ ಅದೂ ವ್ಯಾಪಾರವೇ. "ಅಂಕಲ್, ಒಂದ್ಸಾವ್ರ ಕ್ಯಾಶ್ ಕೊಡಿ, ಯುಪಿಐ ಮಾಡ್ತೀನಿ" ಅಂದ ಹುಡುಗರ ದುಡ್ಡೂ ಅಲ್ಲಿತ್ತು. ತಂಗಿ ಮದುವೆಗೆ ಚಿಕ್ಕಪ್ಪ ಕೊಟ್ಟ ಕೈಗಡವೂ ಇತ್ತು.

ಉದ್ರಿ ಪುಸ್ತಕದಲ್ಲಿ ಈ ಗೊಂದಲ ಇಲ್ಲ. ಪ್ರತಿ ಸಾಲಿಗೂ ಹೆಸರಿದೆ, ಪಕ್ಕದಲ್ಲಿ 'ಕೊಬ್ಬರಿ ಮಾರಿದ ಮೇಲೆ' ಅನ್ನೋ ಥರ ಕಾರಣವೂ ಇದೆ. ಆದರೆ ಆ ಪುಸ್ತಕ ಅಪ್ಪ ಒಬ್ಬರೇ ಓದುವುದು. ಸ್ಟೇಟ್‌ಮೆಂಟ್ ಹಾಗಲ್ಲ. ಅದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಬಹುದು, ಅದನ್ನೇ ನೋಡಿ ಸರ್ಕಾರ ತೆರಿಗೆ ಕೇಳಬಹುದು. ಕೇಳೋದು ತಪ್ಪೂ ಅಲ್ಲ. 2016ರಲ್ಲಿ ಯುಪಿಐ ಬಂದಾಗ ಚಿಲ್ಲರೆ ತಾಪತ್ರಯ ತಪ್ಪಿತು ಅಂತಷ್ಟೇ ನಾನು ಖುಷಿಪಟ್ಟಿದ್ದೆ. ಅಂಗಡಿ ಲೆಕ್ಕ ಇನ್ನು ಅಂಗಡಿಯೊಳಗೇ ಉಳಿಯಲ್ಲ ಅಂತ ಅಪ್ಪನಿಗೆ ಹೇಳಬೇಕಾದವನು ನಾನು. "ಬರೀ ಸ್ಟಿಕ್ಕರ್ ಅಪ್ಪಾ" ಅಂದಿದ್ದೆ.

ಸಂಬಂಧವಿಲ್ಲದ್ದೆಲ್ಲ ಕಳೆದು, ನಗದು ವ್ಯಾಪಾರ ಸೇರಿಸಿದಾಗ 27 ಲಕ್ಷದ ಹತ್ತಿರ ಬಂತು. ಅಪ್ಪ ಎರಡು ಸಲ ಕೂಡಿ ನೋಡಿದರು. ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾತ್ರ ಮಾಡಿಸಿಕೊಳ್ಳಿ ಅಂತ ಅದೇ ತಿಂಗಳು ಮುಖ್ಯಮಂತ್ರಿಯೂ ವ್ಯಾಪಾರಿಗಳಿಗೆ ಹೇಳಿದರು.

ನಿಮ್ಮ ಮನೆಯಲ್ಲೂ ಅಂಗಡಿ ಇದ್ದರೆ, ಕ್ಯೂಆರ್ ಹಾಕಿಸಿಕೊಟ್ಟವರು ನೀವೇ ಆಗಿದ್ದರೆ, ಒಂದು ಭಾನುವಾರ ಕೂತು ಲೆಕ್ಕ ನೋಡಿ. ಅಂಗಡಿಗೊಂದು ಬೇರೆ ಖಾತೆ ಮಾಡಿಸಿ. ಖರೀದಿ ಬಿಲ್‌ಗಳನ್ನು ಎತ್ತಿಡಿ.

ಸ್ಟಿಕ್ಕರ್ ಈಗಲೂ ಅಲ್ಲೇ ಇದೆ. ನಾನು ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಇನ್ಮೇಲೆ ದುಡ್ಡು ನಿಮ್ಮಮ್ಮನ ಖಾತೆಗೆ ಹಾಕೋ."